ಶನಿವಾರದ ಬೇಸ್‌ಬಾಲ್ ಮಾತುಕತೆ: ಮೈಕ್ ಹೆಸ್ಮನ್

ಎಲ್ಲರಿಗೂ ನಮಸ್ಕಾರ.

ಈ ಶನಿವಾರ ರಾತ್ರಿ 8ಕ್ಕೆ ಜೂಮ್‌ನಲ್ಲಿ ಸೇರೋಣ. ಮೊದಲು ಹೇಳಿದ್ದ 7 ಗಂಟೆ ಬದಲಾಗಿದೆ, ದಯವಿಟ್ಟು ಗಮನಿಸಿ.

ಈ ಸಲ ಅಮೆರಿಕದ ಬೇಸ್‌ಬಾಲ್ ಆಟಗಾರ ಮೈಕ್ ಹೆಸ್ಮನ್ ಬಗ್ಗೆ ಮಾತು. 1996ರಲ್ಲಿ ಅಟ್ಲಾಂಟಾ ಬ್ರೇವ್ಸ್ ತಂಡ ಇವರನ್ನು ಆರಿಸಿಕೊಂಡಿತು. ಆದರೆ ಅಲ್ಲಿನ ಅತಿ ಮೇಲಿನ ಹಂತವಾದ ಮೇಜರ್ ಲೀಗ್‌ನಲ್ಲಿ ಸಿಕ್ಕಿದ್ದು 109 ಪಂದ್ಯ, 14 ಹೋಮ್ ರನ್ (ಒಂದೇ ಹೊಡೆತಕ್ಕೆ ಎಲ್ಲ ಬೇಸ್ ಸುತ್ತಿ ಬರುವುದು) ಅಷ್ಟೇ. ಹೆಚ್ಚಿನ ಆಟವೆಲ್ಲ ಅದರ ಕೆಳಗಿನ ಮೈನರ್ ಲೀಗ್‌ನಲ್ಲೇ. 2015ರ ಆಗಸ್ಟ್ 3ರಂದು ಟೊಲಿಡೊ ಮಡ್ ಹೆನ್ಸ್ ತಂಡದ ಪರ ಮೈನರ್ ಲೀಗ್‌ನ ತಮ್ಮ 433ನೇ ಹೋಮ್ ರನ್ ಹೊಡೆದರು. ಹಳೆಯ ಆಟಗಾರ ಬಝ್ ಆರ್ಲೆಟ್ ಹೆಸರಿನಲ್ಲಿ 1937ರಿಂದ ಇದ್ದ, ಅಮೆರಿಕದ ಮೈನರ್ ಲೀಗ್‌ನಲ್ಲಿ ಅತಿ ಹೆಚ್ಚು ಹೋಮ್ ರನ್‌ಗಳ ದಾಖಲೆ ಅವತ್ತು ಮುರಿಯಿತು. ಅದೂ ಮೂರೂ ಬೇಸ್‌ಗಳಲ್ಲಿ ಓಟಗಾರರಿದ್ದಾಗ, ಅಂದರೆ ಒಂದೇ ಹೊಡೆತಕ್ಕೆ ನಾಲ್ಕು ರನ್! ಆ ಸೀಸನ್ ಮುಗಿದ ಮೇಲೆ ಆಟ ಬಿಟ್ಟು, ಡೆಟ್ರಾಯಿಟ್ ಟೈಗರ್ಸ್‌ನ ಕೆಳಹಂತದ ತಂಡಗಳಲ್ಲಿ ಹುಡುಗರಿಗೆ ಬ್ಯಾಟಿಂಗ್ ಕಲಿಸತೊಡಗಿದರು. ದೊಡ್ಡ ಸ್ಟಾರ್‌ಗಳ ಬಗ್ಗೆ ಎಲ್ಲ ಕಡೆ ಜಾಸ್ತಿ ಸಿಗುತ್ತದೆ. ಇಂಥವರ ಬಗ್ಗೆ ನಾವೇ ಕೂತು ಮಾತಾಡಬೇಕು, ಅಲ್ವಾ?

ಹೊಸಬರು ಒಂದು ಇನ್ನಿಂಗ್ಸ್ ಹೇಗೆ ನಡೆಯುತ್ತದೆ ಅಂತ ಮೊದಲೇ ನೋಡಿಕೊಂಡು ಬನ್ನಿ. ರಣಜಿಯಲ್ಲೇ ವರ್ಷಗಟ್ಟಲೆ ಆಡಿ ಕೋಚ್ ಆದ ಯಾರನ್ನಾದರೂ ಬಲ್ಲವರು ಎರಡು ಮಾತು ಸಿದ್ಧ ಮಾಡಿಕೊಳ್ಳಿ. ಹೋಲಿಸಿ ನೋಡಲು ನನಗೆ ತುಂಬಾ ಆಸೆಯಿದೆ.

ಬರುವವರು ಗುರುವಾರದೊಳಗೆ ಇಲ್ಲೇ ‘ಬರ್ತೀನಿ’ ಅಂತ ಹಾಕಿ. ಲಿಂಕ್ ಶುಕ್ರವಾರ ಸಂಜೆ ಕಳಿಸುತ್ತೇನೆ. ಅಲ್ಲಿಯವರೆಗೆ ಬೇರೆ ಫಾರ್ವರ್ಡ್ ಹಾಕಬೇಡಿ, ಈ ಸಂದೇಶ ಮೇಲೆ ಹೋಗಿಬಿಡುತ್ತದೆ.