ತೋಟಕ್ಕೆ ನುಗ್ಗುವ ಶಿಕಾರಿಯವರು: ಸುಮ್ಮನಿದ್ದರೆ ಸಿಕ್ಕಿಬೀಳುವುದು ಬೆಳೆಗಾರ

ಮಾನ್ಯ ಸಂಪಾದಕರೇ,

ಕಾಫಿ ತೋಟದ ಬೇಲಿಯಲ್ಲಿ ಉರುಳಿಗೆ ಸಿಕ್ಕಿ ಚಿರತೆ ಸತ್ತ ಸುದ್ದಿ ಮಲೆನಾಡಿನ ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಉರುಳು ಇಟ್ಟಿದ್ದು ಹಂದಿಗೆ. ಇಟ್ಟವನು ರಾತ್ರಿ ಬಂದು ರಾತ್ರಿಯೇ ಹೋಗಿರುತ್ತಾನೆ. ವಿಚಾರಣೆಗೆ ಮೊದಲು ಕರೆ ಬರುವುದು ಪಹಣಿಯಲ್ಲಿ ಹೆಸರಿರುವವನಿಗೆ.

‘ಹಂದಿ ತಾನೆ, ಹೊಡೆದುಕೊಂಡು ಹೋಗಲಿ, ನಮ್ಮ ಬೆಳೆಯಾದರೂ ಉಳಿಯುತ್ತದೆ’ ಎಂದು ಕಣ್ಣು ಮುಚ್ಚಿಕೊಳ್ಳುವ ಬೆಳೆಗಾರರು ಬಹಳ ಮಂದಿ. ಹಂದಿ ಕಾಟದ ಸಂಕಟ ನಿಜ, ಅದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡಿನೊಳಗೆ ಹೇಗೋ ನಮ್ಮ ಹಿಡುವಳಿ ಜಮೀನಿನಲ್ಲೂ ಹಾಗೆಯೇ ಅನ್ವಯಿಸುತ್ತದೆ. ಅದರ ಪ್ರಕಾರ ಗುಂಡು ಹೊಡೆಯುವುದಷ್ಟೇ ಬೇಟೆಯಲ್ಲ. ಉರುಳು ಇಡುವುದು, ಸೋವುವುದು (ಪ್ರಾಣಿಯನ್ನು ಅಟ್ಟುವುದು), ಆಮಿಷ ಒಡ್ಡುವುದು, ಇವುಗಳಿಗೆ ಯತ್ನಿಸುವುದು ಎಲ್ಲವೂ ಬೇಟೆಯೇ. ಕುಮ್ಮಕ್ಕು ಕೊಟ್ಟವನಿಗೂ ಅದೇ ಶಿಕ್ಷೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ: ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದೇ ಉರುಳಿಗೆ ಚಿರತೆಯೋ ಕಾಟಿಯೋ (ಕಾಡುಕೋಣ) ಬಿದ್ದರೆ ಮೊದಲನೇ ಅನುಸೂಚಿ. ಆಗ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ. ಉರುಳಿಗೆ ಹಂದಿ ಯಾವುದು, ಚಿರತೆ ಯಾವುದು ಎಂದು ತಿಳಿಯುವುದಿಲ್ಲ.

‘ನಮಗೆ ಪರ್ಮಿಷನ್ ಇದೆ’ ಎಂದು ಬರುವವರೂ ಇದ್ದಾರೆ. ಬೆಳೆಹಾನಿ ಮಾಡುವ ಪ್ರಾಣಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಮಾತ್ರ. ಅದೂ ಕಾರಣ ನಮೂದಿಸಿದ ಲಿಖಿತ ಆದೇಶದಲ್ಲಿ. ಕಾಗದ ತೋರಿಸಿ ಎನ್ನಿ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ) ಹಿಡುವಳಿದಾರರಿಗೂ ಬಂದೂಕು ಪರವಾನಗಿಯಿಂದ 2029ರವರೆಗೆ ವಿನಾಯಿತಿ ಇದೆ, ನಿಜ. ಅದು ಕೋವಿ ಇಟ್ಟುಕೊಳ್ಳಲು ಸಿಕ್ಕ ವಿನಾಯಿತಿ, ಬೇಟೆಗೆ ಸಿಕ್ಕಿದ್ದಲ್ಲ. ಮನೆಯಲ್ಲಿ ಗೌರವದಿಂದ ಕೋವಿ ಇಟ್ಟುಕೊಂಡ ಕುಟುಂಬಗಳಿಗೂ ಈ ರಾತ್ರಿ ಶಿಕಾರಿಯವರಿಂದ ಕೆಟ್ಟ ಹೆಸರು.

ಇನ್ನು ತೋಟದಲ್ಲಿ ಮಾಡಬೇಕಾದದ್ದು. ಉರುಳನ್ನು ತೋಟದ ನಡುವೆ ಹುಡುಕಿ ಪ್ರಯೋಜನವಿಲ್ಲ, ಬೇಲಿಯ ಗುಂಟ ನಡೆಯಬೇಕು. ಹಂದಿ ನುಸುಳಿ ಮಾಡಿದ ಕಂಡಿಯೇ ಉರುಳಿನ ಜಾಗ. ಹೆಚ್ಚಾಗಿ ಬೈಕಿನ ಕ್ಲಚ್ ಅಥವಾ ಬ್ರೇಕ್ ತಂತಿ, ಮೊಣಕಾಲಿಗಿಂತ ಕೆಳಗೆ ಕುಣಿಕೆ, ಇನ್ನೊಂದು ತುದಿ ಸಿಲ್ವರ್ ಓಕಿನ ಬುಡಕ್ಕೋ ಗಟ್ಟಿ ಗೂಟಕ್ಕೋ ಬಿಗಿದಿರುತ್ತದೆ. ಪ್ರಾಣಿ ಪಕ್ಕಕ್ಕೆ ಸರಿಯದಂತೆ ಎರಡೂ ಕಡೆ ಹಸಿ ಕಡ್ಡಿ ನೆಟ್ಟಿರುವುದು, ಮರದ ತೊಗಟೆ ಉಜ್ಜಿ ಹೋಗಿರುವುದು ಗುರುತು. ಬೆಳಿಗ್ಗೆ ಓರೆ ಬಿಸಿಲಿರುವಾಗ ತಂತಿ ಮಿನುಗುತ್ತದೆ, ಮಧ್ಯಾಹ್ನ ಕಣ್ಣಿಗೆ ಬೀಳುವುದಿಲ್ಲ. ಮುಂದೆ ಕೋಲು ಆಡಿಸುತ್ತಾ ನಡೆಯಿರಿ, ನಾಯಿ ಸರಪಳಿಯಲ್ಲಿರಲಿ. ಉಂಡೆಯಂತಹ ವಸ್ತು ಕಂಡರೆ ಕೋಲಿನಿಂದಲೂ ತಟ್ಟಬೇಡಿ. ಅದು ಹಂದಿಗೆಂದು ಆಮಿಷದೊಳಗೆ ಅಡಗಿಸಿಟ್ಟ ಸಿಡಿಮದ್ದು ಇರಬಹುದು. ದನ ಮೂತಿ ಹಾಕಿದರೆ ದವಡೆಯೇ ಹಾರಿಹೋಗುತ್ತದೆ. ನಾಯಿ ಕಚ್ಚಿಕೊಂಡು ಮನೆ ಅಂಗಳಕ್ಕೇ ತಂದರೆ ಮಕ್ಕಳಿಗೂ ಅಪಾಯ. ಅದಕ್ಕೆ ನೇರವಾಗಿ ಪೊಲೀಸರನ್ನೇ ಕರೆಯಬೇಕು.

ಖಾಲಿ ಉರುಳು ಸಿಕ್ಕಾಗ ಸಿಟ್ಟಿನಲ್ಲಿ ಕಿತ್ತು ಹಳ್ಳಕ್ಕೆ ಎಸೆಯುವುದೇ ದೊಡ್ಡ ತಪ್ಪು. ಸಾಕ್ಷಿ ಅಲ್ಲಿಗೆ ಮುಗಿಯಿತು. ಪಕ್ಕದಲ್ಲಿ ಕೀಲಿಯೋ ನಾಣ್ಯವೋ ಇಟ್ಟು ಅಳತೆ ತಿಳಿಯುವಂತೆ ಫೋಟೊ ತೆಗೆಯಿರಿ, ಲೊಕೇಶನ್ ಉಳಿಸಿಕೊಳ್ಳಿ, ಒಬ್ಬರು ಕಾವಲಿರಿ, ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಈಡಿನ ಸದ್ದು ಕೇಳಿದ ಮರುದಿನ ಖಾಲಿ ತೋಟಾ (ಕಾಡತೂಸು) ಸಿಕ್ಕರೆ ಕೈಯಲ್ಲಿ ಮುಟ್ಟಬೇಡಿ, ಮಳೆ ಬೀಳದಂತೆ ಬಕೆಟ್ ಬೋರಲು ಹಾಕಿ. ಯಾವ ಕೋವಿಯಿಂದ ಹಾರಿದ್ದು ಎಂಬುದನ್ನು ಅದರ ಹಿಂಬದಿಯ ಕೇಪಿನ ಮೇಲೆ ಕೋವಿಯ ಮೊಳೆ ಕುಟ್ಟಿದ ಗುರುತಿನಿಂದ ಪ್ರಯೋಗಾಲಯದವರು ಹೇಳಬಲ್ಲರು.

ಉರುಳಿನಲ್ಲಿ ಚಿರತೆ ಜೀವಂತವಿದ್ದರೆ ಜನರನ್ನು ನೂರು ಮೀಟರ್ ದೂರ ನಿಲ್ಲಿಸಿ. ಗಲಾಟೆಗೆ ಅದು ಎಳೆದಾಡಿದಷ್ಟೂ ತಂತಿ ಸೊಂಟಕ್ಕೆ ಇಳಿಯುತ್ತದೆ, ಒಳಗಿನ ಅಂಗಾಂಗ ಹರಿಯುತ್ತದೆ. ತಂತಿ ತುಂಡಾದರೆ ಮೊದಲು ಎರಗುವುದು ಮೊಬೈಲ್ ಹಿಡಿದು ಹತ್ತಿರ ನಿಂತವರ ಮೇಲೆ. ಅರಿವಳಿಕೆ ಕೊಡುವ ವೈದ್ಯರು ಬರುವವರೆಗೆ ಮೌನವೇ ಚಿಕಿತ್ಸೆ.

ಕ್ಯಾಮೆರಾ ಹಾಕಿಸುವವರು ಒಂದು ವಿಷಯ ನೋಡಿಕೊಳ್ಳಿ. ಅಗ್ಗದ 850 ನ್ಯಾನೊಮೀಟರ್ ಇನ್ಫ್ರಾರೆಡ್ ದೀಪ ಕತ್ತಲಲ್ಲಿ ಕೆಂಪಗೆ ಕಾಣುತ್ತದೆ, ಬಂದವರು ಕ್ಯಾಮೆರಾವನ್ನೇ ಕಿತ್ತೊಯ್ಯುತ್ತಾರೆ. 940ರದ್ದು ಕಣ್ಣಿಗೆ ಕಾಣುವುದಿಲ್ಲ. ಉಣುಗೋಲಿನ (ತೋಟದ ಗೇಟಿನ) ಹತ್ತಿರ, ಕೈಗೆಟುಕದ ಎತ್ತರದಲ್ಲಿ ಕೆಳಕ್ಕೆ ಬಾಗಿಸಿ, ದಾರಿಯನ್ನು ಅಡ್ಡಲಾಗಿ ನೋಡುವಂತೆ ಕಟ್ಟಿ. ಎದುರಿನಿಂದ ನಡೆದು ಬರುವವರಿಗಿಂತ ಅಡ್ಡ ಹಾಯುವವರನ್ನು ಅದರ ಸೆನ್ಸರ್ ಬೇಗ ಹಿಡಿಯುತ್ತದೆ.

ರಾತ್ರಿ ತಲೆಗೆ ಟಾರ್ಚ್ ಕಟ್ಟಿದವರು ಕಂಡರೆ ಎದುರು ಹೋಗಬೇಡಿ. ಕಣ್ಣ ಮಿಂಚು ನೋಡಿ ಗುಂಡು ಹೊಡೆಯುವವರಿಗೆ ಮನುಷ್ಯ ಯಾರು, ಕಡವೆ ಯಾವುದು ಎಂಬ ಗುರುತು ಇರುವುದಿಲ್ಲ. ಕಣ್ಣೆದುರೇ ಜಾಮೀನುರಹಿತ ಅಪರಾಧ ಮಾಡಿದವನನ್ನು ಹಿಡಿದು ಆರು ಗಂಟೆಗಳ ಅವಧಿಯೊಳಗೆ ಪೊಲೀಸರಿಗೆ ಒಪ್ಪಿಸಲು ಕಾನೂನು ಸಾರ್ವಜನಿಕರಿಗೂ ಅವಕಾಶ ಕೊಟ್ಟಿದೆ. ಆದರೆ ಕೋವಿ ಹಿಡಿದವರ ಮುಂದೆ ಅದನ್ನು ಪ್ರಯೋಗಿಸಲು ಹೋಗಬಾರದು. ಮನೆಯೊಳಗಿನಿಂದಲೇ 112ಕ್ಕೆ ಕರೆ ಮಾಡಿ, ಗಾಡಿ ನಂಬರು ಬರೆದಿಟ್ಟುಕೊಳ್ಳಿ.

ಬೆಳಗಾದ ಮೇಲೆ ದೂರು ಎರಡು ಕಡೆ ಕೊಡಬೇಕು. ವಲಯ ಅರಣ್ಯಾಧಿಕಾರಿಗೆ ಬೇಟೆಯ ಬಗ್ಗೆ. ಪೊಲೀಸ್ ಠಾಣೆಗೆ ಅತಿಕ್ರಮ ಪ್ರವೇಶ (ಭಾರತೀಯ ನ್ಯಾಯ ಸಂಹಿತೆ, ಸೆಕ್ಷನ್ 329) ಮತ್ತು ಶಸ್ತ್ರಾಸ್ತ್ರದ ಬಗ್ಗೆ. ಸರ್ವೆ ನಂಬರು, ದಿನಾಂಕ, ಗಂಟೆ ಇರಲಿ. ಊರಿನವರ ಹೆಸರು ಬರೆಯಲು ಮುಜುಗರವಾಗುತ್ತದೆ, ಅದು ಸಹಜ. ‘ಅಪರಿಚಿತರು’ ಎಂದು ದಾಖಲಾದರೂ ಸಾಕು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಬಹುದು. ನಾಳೆ ಅದೇ ಬೇಲಿಯಲ್ಲಿ ಚಿರತೆ ಸಿಕ್ಕಿಬಿದ್ದರೆ ಬೆಳೆಗಾರನ ಪರವಾಗಿ ಮಾತಾಡುವುದು ದೂರು ಕೊಟ್ಟಾಗ ಸಿಗುವ ಸ್ವೀಕೃತಿ ಚೀಟಿ.

ಆ ಚೀಟಿಯನ್ನೇ ಕೊಡದೆ ‘ನೋಡೋಣ ಹೋಗಿ’ ಎಂದು ಕಳಿಸುವ ರೂಢಿ ನಿಲ್ಲಬೇಕು. ಅರಣ್ಯ ಇಲಾಖೆ ಪ್ರತಿ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಉಪವಲಯ ಅರಣ್ಯಾಧಿಕಾರಿಯ ರಾತ್ರಿ ಸಂಪರ್ಕದ ಫೋನ್ ನಂಬರು ಬರೆಸಲಿ. ಮಳೆ ಕಳೆದು ಕಾಫಿ ಕೊಯ್ಲು ಶುರುವಾಗುವ ಮುಂಚೆ ಬೆಳೆಗಾರರನ್ನೂ ಕೂಲಿಯವರನ್ನೂ ಜೊತೆಗೆ ಕರೆದುಕೊಂಡು ಕಾಡಂಚಿನ ತೋಟಗಳ ಬೇಲಿಗುಂಟ ಒಂದು ಸುತ್ತು ಉರುಳು ತೆಗೆಯುವ ಕೆಲಸ ನಡೆಸಲಿ. ಹಣ್ಣು ಕೊಯ್ಯಲು ಗಿಡದ ಸಾಲಿಗೆ ಮೊದಲು ಕಾಲಿಡುವುದು ಕೂಲಿಯವರೇ.

– ಕಾಫಿ ಮತ್ತು ಅಡಿಕೆ ಬೆಳೆಗಾರರು, ಕೊಪ್ಪ ತಾಲ್ಲೂಕು