ಉಪ್ಪನ ಜೊತೆ ನಿಂತವರಿಗೆ

ಮೊನ್ನೆ ಶುಕ್ರವಾರ ಜುಮಾ ಆದ ಮೇಲೆ ಉಪ್ಪ (ನಮ್ಮ ಅಪ್ಪ) ಖಾಝಿಯ ದಫ್ತರುಗಳನ್ನು ಮಸೀದಿಯ ಜಮಾಅತಿಗೆ ಒಪ್ಪಿಸಿದರು. 41 ವರ್ಷದ ನಿಕಾಹ್, ತಲಾಖ್, ಫಸ್ಖ್ (ಹೆಂಡತಿ ಕೇಳಿದಾಗ ಖಾಝಿ ಧರ್ಮದ ಪ್ರಕಾರ ಮದುವೆ ರದ್ದು ಮಾಡುವುದು), ಎಲ್ಲ ಅದರಲ್ಲಿವೆ. ಕೈ ನಡುಗುತ್ತಿತ್ತು. ಆದರೂ ಕೊನೆಯ ದಫ್ತರನ್ನು ಬೇರೆ ಯಾರಿಗೂ ಹಿಡಿಯಲು ಬಿಡಲಿಲ್ಲ.

ಜಮಾಅತ್ ಕಮಿಟಿಗೆ, ಮದ್ರಸದ ಉಸ್ತಾದರಿಗೆ, ಉಪ್ಪ ಆಸ್ಪತ್ರೆಯಲ್ಲಿದ್ದಾಗ ರಕ್ತ ಕೊಟ್ಟ ಹುಡುಗರಿಗೆ, ಉಮ್ಮನಿಗೆ ದಿನಾ ಗಂಜಿ ತಂದ ಪಕ್ಕದ ಮನೆಯ ಅಕ್ಕನಿಗೆ ನಮ್ಮ ಮನೆಯವರೆಲ್ಲರ ಸಲಾಂ.

ಇನ್ನೊಬ್ಬರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಬರೆಯಲು ಅವರೇ ಒಪ್ಪಿದ್ದಾರೆ.

ಉಪ್ಪ ಓದಿದ್ದು ಉಳ್ಳಾಲದಲ್ಲಿ, ದೊಡ್ಡ ಧರ್ಮಗುರು ತಾಜುಲ್ ಉಲಮಾ ತಂಙಳರ ಬಳಿ. 2014ರ ಫೆಬ್ರವರಿ 1ರಂದು ತಂಙಳರು ತೀರಿಕೊಂಡಾಗ ಉಟ್ಟ ಬಟ್ಟೆಯಲ್ಲೇ ಕೇರಳದ ಎಟ್ಟಿಕುಳಕ್ಕೆ ಹೊರಟಿದ್ದರು. ರಮಳಾನಿನ 29ರ ಸಂಜೆ ಚಂದ್ರ ಕಂಡಿತಾ, ನಾಳೆ ಹಬ್ಬವಾ ಅಂತ ಕೇಳುವ ಫೋನು ನಿಲ್ಲುತ್ತಲೇ ಇರಲಿಲ್ಲ. ಆದರೆ ಅವರ ನಿಜವಾದ ಕೆಲಸ ನಡೆಯುತ್ತಿದ್ದುದು ನಮ್ಮ ಜಗುಲಿಯಲ್ಲಿ. ಗಂಡನ ಕಡೆಯವರು, ಹೆಂಡತಿಯ ಕಡೆಯವರು ಒಂದೇ ಚಾಪೆಯಲ್ಲಿ ಕೂರಬೇಕು. ಚಹಾ ಕುಡಿದ ಮೇಲೆಯೇ ಮಾತು. 1880ರ ಖಾಝಿ ಕಾಯ್ದೆ ಖಾಝಿಗೆ ನ್ಯಾಯಾಧೀಶರ ಅಧಿಕಾರ ಕೊಟ್ಟಿಲ್ಲ ಎಂದು ಉಪ್ಪ ಮೊದಲೇ ಹೇಳಿಬಿಡುತ್ತಿದ್ದರು. ಎರಡು ವರ್ಷ ಗಂಡ ಖರ್ಚಿಗೆ ಕೊಡದಿದ್ದರೆ 1939ರ ಕಾಯ್ದೆಯಡಿ ಕೋರ್ಟಿಗೂ ಹೋಗಬಹುದು ಎಂದು ಹೆಣ್ಣುಮಕ್ಕಳಿಗೆ ತಿಳಿಸುತ್ತಿದ್ದರು.

ಹಾಗೆ ಖರ್ಚಿಗೆ ಕೊಡದ ಒಬ್ಬರ ಮದುವೆಯನ್ನು ಉಪ್ಪ ಫಸ್ಖ್ ಮಾಡಿದ್ದರು. ಆಮೇಲೆ ಎಷ್ಟೋ ವರ್ಷ ಅವರು ಉಪ್ಪನಿಗೆ ಸಲಾಂ ಹೇಳಲಿಲ್ಲ. ಆಟೋ ಓಡಿಸುತ್ತಾರೆ.

ಉಪ್ಪನಿಗೆ ಹುಷಾರು ತಪ್ಪಿದ ರಾತ್ರಿ ಜೋರು ಮಳೆ. ಉಪ್ಪನನ್ನು ಆಸ್ಪತ್ರೆಗೆ ಕರೆದೊಯ್ದಿದ್ದು ಆ ಆಟೋ ಕಾಕ. ಬಿಟ್ಟು ಹೋಗುತ್ತಾರೆ ಅಂದುಕೊಂಡಿದ್ದೆ. ಹೋಗಲಿಲ್ಲ. ಐಸಿಯು ಹೊರಗೆ ಉಪ್ಪನ ಒದ್ದೆ ಮುಂಡಾಸನ್ನು ಕುರ್ಚಿಯ ಬೆನ್ನಿಗೆ ಹರವಿ, ಪಕ್ಕದಲ್ಲೇ ಕೂತು ಕುರ್‌ಆನಿನ ಯಾಸೀನ್ ಅಧ್ಯಾಯ ಓದಿದರು. ಎರಡು ಗಂಟೆಗೆ ಡಾಕ್ಟರ್ ಬಂದು ಹೇಳಬೇಕಾದ್ದನ್ನು ಹೇಳಿದರು. ನನಗೆ ಕಾಲು ನಿಲ್ಲಲಿಲ್ಲ. ಉಪ್ಪ ಇಲ್ಲದ ಜಗುಲಿ ಕಣ್ಣೆದುರು ಬಂತು. ಹಿಂದೆಂದೂ ಅಷ್ಟು ಅತ್ತಿದ್ದು ನನಗೆ ನೆನಪಿಲ್ಲ. ಕಾಕ ಏನೂ ಹೇಳಲಿಲ್ಲ, ನೀರಿನ ಬಾಟಲಿ ಕೈಗೆ ಕೊಟ್ಟರು.

ಬೆಳಗಿನ ಜಾವ ಸುಬಹಿ ಬಾಂಗ್ ಆದಾಗ ಕೇಳಿಯೇಬಿಟ್ಟೆ, ನೀವ್ಯಾಕೆ ಇದ್ರಿ ಅಂತ.

“ಅವತ್ತು ಜಗುಲಿಯಲ್ಲಿ ಉಸ್ತಾದರು, ನಿನ್ನ ಉಪ್ಪ, ನನ್ನ ಮಾತನ್ನೂ ಪೂರ್ತಿ ಕೇಳಿದ್ರು ಮೋಳೇ (ಮಗಳೇ). ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ.”

ಒಣಗಿದ ಮುಂಡಾಸನ್ನು ಮಡಚಿ ನನ್ನ ಕೈಗಿಟ್ಟು ನಮಾಝಿಗೆ ಹೋದರು. ಕಾಕ, ನಿಮ್ಮ ಋಣ ನಮ್ಮ ಮನೆಯ ಮೇಲಿದೆ. ಅಲ್ಲಾಹು ನಿಮಗೆ ಆಫಿಯತ್, ಆರೋಗ್ಯ ಕೊಡಲಿ.

ತಕರಾರುಗಳಿದ್ದರೆ ಇನ್ನು ಹೊಸ ಖಾಝಿಯವರ ಬಳಿ ಹೋಗಿ. ಉಪ್ಪನಿಗೆ ಜಾಸ್ತಿ ಮಾತಾಡಲು ಆಗುವುದಿಲ್ಲ. ಸಂಜೆ ಅಸರ್ ನಮಾಝ್ ಆದ ಮೇಲೆ ಜಗುಲಿಯಲ್ಲೇ ಇರುತ್ತಾರೆ. ಸುಮ್ನೆ ಬಂದು ಕೂತು ಹೋಗಿ, ಚಹಾ ಇರುತ್ತದೆ.