ಸಿಂಧನೂರಿನ ಗೆಳೆಯನಿಗೆ, ಆ ಅಧಿಕಾರ ಪತ್ರದ ಬಗ್ಗೆ

ಪ್ರೀತಿಯ ಗೆಳೆಯಾ,

ತಂಗಿಯ ಜೀವನಾಂಶದ ಪ್ರಕರಣವನ್ನು ಅವಳ ಪರವಾಗಿ ನೀನು ನೋಡಿಕೊಳ್ಳಲೆಂದು ಬರೆಸಿ, ವಾಟ್ಸಾಪ್‌ನಲ್ಲಿ ಕಳುಹಿಸಿದ ಅಧಿಕಾರ ಪತ್ರದ ಕರಡು ಓದಿದೆ. ಯಾರೋ ಜಮೀನಿನ ಹಳೆಯ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ತೆಗೆದು ಹೆಸರಷ್ಟೇ ಬದಲಿಸಿದ್ದಾರೆ. ಎರಡನೆಯ ಪುಟದಲ್ಲಿ 'ಸದರಿ ಸ್ವತ್ತನ್ನು ಪರಭಾರೆ ಮಾಡಲು', ಅಂದರೆ ಬೇರೆಯವರಿಗೆ ವರ್ಗಾಯಿಸಲು, ಎಂಬ ಸಾಲು ಹಾಗೆಯೇ ಉಳಿದಿದೆ. ಗಂಡನಿಂದ ಜೀವನಾಂಶ ಕೇಳುತ್ತಿರುವ ತಂಗಿಗೆ ಜಮೀನಿನ ಚೆಕ್ಕುಬಂದಿ (ಗಡಿ ವಿವರ) ಎಲ್ಲಿಂದ ತರುತ್ತೀಯೋ! ರಾಯಚೂರಿನ ಕೋರ್ಟಿನ ಮುಂದೆ ಕುಳಿತು ಇಂಥ ಕಾಗದ ಬರೆದೇ ಹೊಟ್ಟೆ ಹೊರೆಯುವ ನನಗೂ ನಗು ತಡೆಯಲಿಲ್ಲ.

ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸ ಬಿಟ್ಟು ತಂಗಿ ಪ್ರತಿ ವಾಯಿದೆಗೂ ಬರಲಾರಳು, ಒಪ್ಪಿದೆ. ಅವಳ ಪರವಾಗಿ ನೀನು ದಾಖಲೆ ಒದಗಿಸಬಹುದು, ನಕಲು ತೆಗೆಸಬಹುದು, ವಕೀಲರ ಬೆನ್ನು ಹತ್ತಬಹುದು. ವಾದ ಮಾತ್ರ ವಕಾಲತ್ತು ಹಾಕಿದವರದು. ಅಧಿಕಾರ ಪತ್ರ ಹಿಡಿದವನು ವಾದಿಸಲು ನ್ಯಾಯಾಲಯದ ಅನುಮತಿ ಬೇಕು. ಸಾಕ್ಷಿಯನ್ನಂತೂ ಅವಳೇ ನುಡಿಯಬೇಕು. ಗಂಡ ಯಾವಾಗ ಹೊರಹಾಕಿದ, ಮಗುವಿನ ಫೀಸು ಯಾರು ಕಟ್ಟಿದರು ಎಂದು ಪಾಟೀಸವಾಲಿನಲ್ಲಿ ಕೇಳಿದಾಗ 'ತಂಗಿ ಹೇಳಿದಳು' ಎಂದರೆ ಕವಡೆ ಕಾಸಿನ ಬೆಲೆ ಇಲ್ಲ. ಕಕ್ಷಿದಾರರಿಗೆ ಖುದ್ದು ಗೊತ್ತಿರುವುದನ್ನು ಅವರ ಬದಲು ಅಧಿಕಾರ ಪತ್ರ ಹಿಡಿದವನು ನುಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಒಂದು ಬ್ಯಾಂಕ್ ಪ್ರಕರಣದಲ್ಲಿ ಹೇಳಿದೆ. ಆಸ್ತಿ, ಆದಾಯ ತಿಳಿಸುವ ಅಫಿಡವಿಟ್ಟಿಗೂ ಅವಳದೇ ಸಹಿ.

ಅರ್ಜಿ ಇನ್ನೂ ಹಾಕಿಲ್ಲವಲ್ಲ, ಬೆಂಗಳೂರಿನಲ್ಲೇ ಹಾಕಿದರೇನು? ಜೀವನಾಂಶ ಕೇಳುವ, ದಂಡ ಪ್ರಕ್ರಿಯಾ ಸಂಹಿತೆಯ ಹಳೆಯ 125ನೇ ಕಲಮು ಈಗ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ. ಹೆಂಡತಿ ವಾಸವಿರುವ ಜಿಲ್ಲೆಯಲ್ಲೂ ಅರ್ಜಿ ನಡೆಯುತ್ತದೆ. ವಕೀಲರ ಫೀಸಿಗೆಂದು ಸಾಲ ಮಾಡಬೇಡ. ಆದಾಯ ಎಷ್ಟೇ ಇರಲಿ, ಹೆಂಗಸರಿಗೂ ಮಕ್ಕಳಿಗೂ ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ. 15100ಕ್ಕೆ ಫೋನ್ ಮಾಡಲು ಅವಳಿಗೆ ಹೇಳು.

ಕರಡಿನ ಒಂದು ಸಾಲು ನನಗೆ ಸೇರಲೇ ಇಲ್ಲ: 'ರಾಜಿ ಮಾಡಿಕೊಳ್ಳಲು, ಹಣ ಪಡೆದು ರಸೀದಿ ನೀಡಲು ಪೂರ್ಣ ಅಧಿಕಾರ'. ಹೊಡೆದುಹಾಕು. ನಿನ್ನ ಮೇಲೆ ಅಪನಂಬಿಕೆ ಎಂದುಕೊಳ್ಳಬೇಡ. ನಾಳೆ ಬೀಗರ ಕಡೆಯ ಹಿರಿಯರು ಚಹಾ ಕುಡಿಸಿ, 'ಒಂದೇ ಗಂಟು ತೆಗೆದುಕೊಂಡು ಮುಗಿಸಿಬಿಡಪ್ಪ' ಎಂದರೆ ಮುಖ ಮುರಿದು ಒಲ್ಲೆ ಎನ್ನುವ ಜಾಯಮಾನ ನಿನ್ನದಲ್ಲ. ಅಧಿಕಾರವೇ ಇಲ್ಲದಿದ್ದರೆ 'ತಂಗಿಯನ್ನೇ ಕೇಳಿ' ಎಂದು ಎದ್ದು ಬರಬಹುದು. ಹಣ ನೇರ ಅವಳ ಖಾತೆಗೆ ಬೀಳಲಿ. ಗಂಡ ಕಂತು ತಪ್ಪಿಸಿದರೆ, ಅದು ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕು. ಆ ಲೆಕ್ಕ ನೀನು ಬರೆದಿಡು.

ಈ ಪ್ರಕರಣಕ್ಕಷ್ಟೇ ಸೀಮಿತವಾದ ಹೊಸ ಕರಡನ್ನು ನಾನೇ ಬರೆದು ಕಳುಹಿಸುತ್ತೇನೆ. ಅವಳಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳು, ಒಪ್ಪಿದರೆ ಅಲ್ಲಿಯೇ ನೋಟರಿ ಮುಂದೆ ಸಹಿ ಮಾಡಲಿ.

ಇಂತಿ,
ನಿನ್ನ ಗೆಳೆಯ